ರೇಡಿಯೊ ಉಳಿಸಲು ಹೊರಟವರು ಮೊದಲು ನೋಟ್‌ಬುಕ್ ಹಿಡಿಯಲಿ

ರೇಡಿಯೊ ನಿಲ್ದಾಣಕ್ಕೆ ಒಂದೇ ದಿನ ಯಾರೂ ಬಂದು ಬೀಗ ಜಡಿಯುವುದಿಲ್ಲ. ಮೊದಲು ಮಧ್ಯಾಹ್ನದ ಪ್ರಸಾರ ಹೋಗುತ್ತದೆ. ನಿವೃತ್ತರಾದವರ ಕುರ್ಚಿಗೆ ಹೊಸಬರು ಬರುವುದಿಲ್ಲ. ಸ್ಥಳೀಯ ಕಾರ್ಯಕ್ರಮದ ಹೊತ್ತಿಗೆ ಬೇರೆ ಊರಿನ ರಿಲೇ ಬಂದು ಕೂರುತ್ತದೆ. ಟ್ರಾನ್ಸ್‌ಮಿಟರ್‌ನ ಒಂದು ಭಾಗ ಕೆಟ್ಟರೆ ಬಿಡಿಭಾಗ ಸಿಗುವ ತನಕ ಕಮ್ಮಿ ಪವರ್‌ನಲ್ಲಿ ಓಡಿಸುತ್ತಾರೆ, ಆ 'ತನಕ' ವರ್ಷಗಟ್ಟಲೆ ಎಳೆಯುತ್ತದೆ. ಇಷ್ಟಾದ ಮೇಲೆ ಕೇಳುಗರು ಕಮ್ಮಿಯಾಗಿದ್ದಾರೆ ಎಂಬ ವರದಿ ಬರುತ್ತದೆ. ಕಮ್ಮಿಯಾಗದೆ ಇನ್ನೇನಾದೀತು?

ಆಕಾಶವಾಣಿಯ ರಾಷ್ಟ್ರೀಯ ಚಾನೆಲ್ 1980ರ ದಶಕದಲ್ಲಿ ಶುರುವಾಗಿ ಮೂರು ದಶಕ ರಾತ್ರಿಯಿಡೀ ಮಾತಾಡಿತು. ಅದನ್ನೂ, ಜೊತೆಗೆ ಐದು ಊರುಗಳ ಪ್ರಾದೇಶಿಕ ತರಬೇತಿ ಕೇಂದ್ರಗಳನ್ನೂ ನಿಲ್ಲಿಸುವ ತೀರ್ಮಾನ ಆದದ್ದು 2018ರ ಡಿಸೆಂಬರ್ ಕೊನೆಯಲ್ಲಿ. 2019ರ ಜನವರಿ ಮೊದಲ ವಾರಕ್ಕೆ ಸುದ್ದಿ ಹೊರಬಂದಾಗ ಎಲ್ಲ ಮುಗಿದಿತ್ತು. ಆದೇಶ ನೋಡಿದ ಮೇಲೆ ಸಹಿ ಸಂಗ್ರಹಕ್ಕೆ ಹೊರಟರೆ ಸಹಿ ಹಾಕಲು ಪೆನ್ನು ಹುಡುಕುವಷ್ಟೂ ಸಮಯ ಇರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ನಿಲ್ದಾಣಗಳನ್ನು ಮುಚ್ಚುತ್ತಾರೆಂಬ ಸುದ್ದಿ ಹಬ್ಬಿದಾಗ ಆಕಾಶವಾಣಿಯನ್ನು ನಡೆಸುವ ಪ್ರಸಾರ ಭಾರತಿ ಯಾವ ರಾಜ್ಯದಲ್ಲೂ ಯಾವ ನಿಲ್ದಾಣವನ್ನೂ ಮುಚ್ಚುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟಿತು. ಆ ಹೇಳಿಕೆಯ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ, ಕೆಲಸಕ್ಕೆ ಬರುತ್ತದೆ.

ಈ ಬರಹ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೇಳುಗರಿಗಾಗಿ. ನಮ್ಮ ಮೂರೂ ಜಿಲ್ಲೆಗಳು ಆಕಾಶವಾಣಿಯ ಮಟ್ಟಿಗೆ ಮುಖ್ಯವಾಗಿ ಬೆಂಗಳೂರನ್ನೇ ನೆಚ್ಚಿಕೊಂಡಿವೆ. ಬೆಂಗಳೂರಿನ ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಿದೆ, ಟ್ರಾನ್ಸ್‌ಮಿಟರ್ 200 ಕಿಲೋವ್ಯಾಟ್‌ನದು. ವಿವಿಧ ಭಾರತಿ 102.9ರಲ್ಲಿ, ರೇನ್‌ಬೋ 101.3ರಲ್ಲಿ, ಎರಡೂ ಎಫ್‌ಎಂ. ಮೀಡಿಯಂ ವೇವ್ ಮಾತು ಬಂದಾಗಲೆಲ್ಲ 'ಎಫ್‌ಎಂ ಇದೆಯಲ್ಲ' ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಬೆಂಗಳೂರಿಗೆ ಸರಿ, ಬಾಗೇಪಲ್ಲಿಗೆ ಅಲ್ಲ. ಯಾಕೆಂದು ಲೆಕ್ಕ ಹಾಕಿಯೇ ತೋರಿಸಬಹುದು.

ಎಫ್‌ಎಂ ತರಂಗ ಹೆಚ್ಚೂಕಮ್ಮಿ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುತ್ತದೆ. ಟವರ್ ಎತ್ತರದ ವರ್ಗಮೂಲ, ನಿಮ್ಮ ಆಂಟೆನಾ ಎತ್ತರದ ವರ್ಗಮೂಲ (ಎರಡೂ ಮೀಟರ್‌ನಲ್ಲಿ) ಕೂಡಿಸಿ 4.12ರಿಂದ ಗುಣಿಸಿದರೆ ದೂರ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಟವರ್ 100 ಮೀಟರ್ ಎಂದುಕೊಳ್ಳಿ. ಸೆಟ್ಟು ಅಡುಗೆಮನೆ ಗೂಡಿನಲ್ಲಿ, ನೆಲದಿಂದ 2 ಮೀಟರ್ ಮೇಲಿದ್ದರೆ ಸುಮಾರು 47 ಕಿ.ಮೀ. ತಾರಸಿ ಮೇಲೆ 9 ಮೀಟರ್ ಎತ್ತರದಲ್ಲಿ ಆಂಟೆನಾ ಕಟ್ಟಿದರೆ ಸುಮಾರು 54. ಚಿಕ್ಕಬಳ್ಳಾಪುರ ಬೆಂಗಳೂರಿಂದ ರಸ್ತೆಯಲ್ಲಿ 60ರ ಆಸುಪಾಸು, ತುಮಕೂರು, ಕೋಲಾರ 70ರ ಆಸುಪಾಸು. ಬೆಂಗಳೂರು ಎತ್ತರದಲ್ಲಿದೆ, ಹಾಗಾಗಿ ಬಯಲಿನಲ್ಲಿ ಸ್ವಲ್ಪ ಹೆಚ್ಚೇ ದೂರ ದಾಟುತ್ತದೆ ನಿಜ. ಆದರೆ ನಮ್ಮಲ್ಲಿ ಬಯಲೆಲ್ಲಿದೆ? 1,478 ಮೀಟರ್‌ನ ನಂದಿಬೆಟ್ಟದ ಸಾಲು ಅಡ್ಡ ನಿಂತಿದೆ, ಅದರಾಚೆ ಗುಡಿಬಂಡೆ, ಬಾಗೇಪಲ್ಲಿ. ಕೋಲಾರ ಊರಿನ ಬೆಂಗಳೂರು ದಿಕ್ಕಿಗೇ ಅಂತರಗಂಗೆಯ ಬೆಟ್ಟ. ತುಮಕೂರು ಕಡೆ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ, ಒಂದರ ಹಿಂದೆ ಒಂದು. ಬೆಟ್ಟದ ಮರೆಗೆ ಬಿದ್ದ ಊರಲ್ಲಿ ಎಫ್‌ಎಂ ಒಂದು ಕಿಟಕಿ ಹತ್ತಿರ ಕೇಳುತ್ತದೆ, ಎರಡು ಹೆಜ್ಜೆ ಈಚೆ ಬಂದರೆ ಹೋಗುತ್ತದೆ.

ಮೀಡಿಯಂ ವೇವ್ ಹಾಗಲ್ಲ. 612 ಕಿಲೋಹರ್ಟ್ಸ್‌ನ ತರಂಗಾಂತರ 490 ಮೀಟರ್. ಅಷ್ಟುದ್ದದ ಅಲೆ ನೆಲ ಹಿಡಿದುಕೊಂಡು ಗುಡ್ಡ ಬಳಸಿ ಹೋಗುತ್ತದೆ. 200 ಕಿಲೋವ್ಯಾಟ್ ಪೂರ್ತಿ ಬಿಟ್ಟರೆ ನಮ್ಮ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ಹಗಲು ಹೊತ್ತು ಅಗ್ಗದ ಸೆಟ್ಟಿನಲ್ಲೂ ಖಣಖಣ ಕೇಳಬೇಕು. ಕೇಳದಿದ್ದರೆ ಕಾರಣ ಎರಡೇ: ಅಲ್ಲಿಂದ ಬರುವ ಶಕ್ತಿ ಕಮ್ಮಿಯಾಗಿದೆ, ಇಲ್ಲವೇ ನಿಮ್ಮ ಸುತ್ತಲ ಗೊರಗೊರ ಜಾಸ್ತಿಯಾಗಿದೆ. ಇವೆರಡನ್ನು ಬೇರೆಬೇರೆ ಮಾಡಿ ತೋರಿಸುವುದರಲ್ಲೇ ಈ ಹೋರಾಟದ ಅರ್ಧ ಕೆಲಸ ಇದೆ.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ 2,539 ಕೋಟಿ ರೂಪಾಯಿಯ, ಪ್ರಸಾರ ಮೂಲಸೌಕರ್ಯ ಅಭಿವೃದ್ಧಿಯ 'ಬಿಂಡ್' ಯೋಜನೆಯ ಲೆಕ್ಕವನ್ನೂ ಇಲ್ಲಿಡಬಹುದು. ಆಕಾಶವಾಣಿ ಎಫ್‌ಎಂ ತಲುಪುವ ಭೂಭಾಗ ಶೇ 59ರಿಂದ 66ಕ್ಕೆ, ಜನಸಂಖ್ಯೆ ಶೇ 68ರಿಂದ 80ಕ್ಕೆ ಏರಬೇಕೆಂಬುದು ಅದರ ಗುರಿ. ಸರ್ಕಾರದ ಗುರಿ ಪೂರ್ತಿ ಮುಟ್ಟಿದರೂ ದೇಶದ ಮೂರನೇ ಒಂದು ಭಾಗ ನೆಲಕ್ಕೆ ಎಫ್‌ಎಂ ಇಲ್ಲ. ಮನವಿಯಲ್ಲಿ ಈ ಒಂದು ವಾಕ್ಯ ಇದ್ದರೆ ಸಾಕು, 'ಎಫ್‌ಎಂ ಇದೆಯಲ್ಲ' ಎಂದವರು ಮುಂದಿನ ಮಾತಿಗೆ ಸ್ವಲ್ಪ ತಡೆಯುತ್ತಾರೆ.

ಈಗ ನೋಟ್‌ಬುಕ್ಕಿನ ವಿಚಾರ.

200 ಪುಟದ ರೂಲ್ಡ್ ಪುಸ್ತಕ ತನ್ನಿ, ಮೊಬೈಲ್ ಬೇಡ. ಕೈಬರಹದ ಪುಸ್ತಕವನ್ನು ಮುಂದೆ ನೋಟರಿ ಮುಂದಿಡಬಹುದು, ಸಂಸದರ ಮೇಜಿನ ಮೇಲಿಡಬಹುದು. ಪ್ರತಿ ಸಾಲಿಗೆ ಇವಿಷ್ಟು: ದಿನಾಂಕ, ಗಂಟೆ ನಿಮಿಷ, ಊರು, ಹೋಬಳಿ, ತಾಲ್ಲೂಕು, ಸೆಟ್ಟಿನ ಮಾಡೆಲ್, ಸೆಲ್ಲೋ ಕರೆಂಟೋ, ಆವರ್ತನ, ಆ ಕ್ಷಣ ಬರುತ್ತಿದ್ದ ಕಾರ್ಯಕ್ರಮ, ಅಂಕ, ಷರಾ. ಅಂಕಕ್ಕೆ ಪ್ರಪಂಚದಾದ್ಯಂತ ರೇಡಿಯೊ ಹವ್ಯಾಸಿಗಳೂ ಪ್ರಸಾರ ಸಂಸ್ಥೆಗಳೂ ಬಳಸುವ 'ಸಿನ್‌ಪೊ' ಪದ್ಧತಿ ಇದೆ. ಐದು ಸಂಗತಿಗೆ 1ರಿಂದ 5ರವರೆಗೆ ಅಂಕ: ಸಿಗ್ನಲ್ ಎಷ್ಟು ಬಲ, ಬೇರೆ ಸ್ಟೇಷನ್ ಎಷ್ಟು ಅಡ್ಡ ಬರುತ್ತಿದೆ, ಗೊರಗೊರ ಎಷ್ಟು, ದನಿ ಎಷ್ಟು ಏರಿಳಿಯುತ್ತಿದೆ, ಒಟ್ಟಾರೆ ಹೇಗೆ. ಎಲ್ಲದರಲ್ಲೂ 5 ಅಂದರೆ ತಕರಾರಿಲ್ಲ, 1 ಅಂದರೆ ಕೇಳಲಾಗದು. ಹೊಸಬರು ಎಡವುವುದು ಎರಡನೆಯ, ಮೂರನೆಯ ಅಂಕದಲ್ಲಿ. ಅಡ್ಡಿ ಎಷ್ಟು ಜಾಸ್ತಿಯೋ ಅಂಕ ಅಷ್ಟು ಕಮ್ಮಿ. ಉಲ್ಟಾ ಬರೆದರೆ ಇಡೀ ಪುಸ್ತಕ ಕೆಡುತ್ತದೆ. 55555 ಬರೆಯುವ ಆಸೆಯನ್ನೂ, 11111 ಬರೆಯುವ ಕೋಪವನ್ನೂ ಬಿಡಿ. ಎಲ್ಲ ಸಾಲೂ ಒಂದೇ ಥರ ಇದ್ದರೆ ನೋಡುವ ಎಂಜಿನಿಯರ್‌ಗೆ ಇವರು ಕೂತು ಕೇಳಿಲ್ಲ ಎಂಬುದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ದಿನಕ್ಕೆ ಮೂರು ಹೊತ್ತಿನಂತೆ 28 ದಿನ ಬರೆದರೆ ಸಾಕು: ಬೆಳಿಗ್ಗೆ ಆರೂವರೆ, ಮಧ್ಯಾಹ್ನ ಒಂದು, ಸಂಜೆ ಏಳೂವರೆ. ಬೆಳಗಿನದಕ್ಕೆ ಹಾಲಿನ ಡೇರಿ ಒಳ್ಳೆಯ ಜಾಗ. ಹೇಗೂ ಆ ಹೊತ್ತಿಗೆ ಊರೆಲ್ಲ ಕ್ಯಾನು ಹಿಡಿದು ಅಲ್ಲಿರುತ್ತದೆ, ಅಂಕ ಹಾಕುವಾಗ ನಾಲ್ಕು ಕಿವಿ ಹೆಚ್ಚಿರುತ್ತವೆ. ಮಧ್ಯಾಹ್ನದ ಸಿಗ್ನಲ್ ಗಟ್ಟಿ ನೆಲದ ಅಲೆಯದು, ಅದೇ ನಿಮ್ಮ ಅಳತೆಗೋಲು. ಸೂರ್ಯ ಮುಳುಗಿದ ಮೇಲೆ ಮೇಲಣ ವಾತಾವರಣದಲ್ಲಿ ರೇಡಿಯೊ ಅಲೆ ಹೀರುವ ಪದರ ಕರಗಿ ದೂರದ ಸ್ಟೇಷನ್ನುಗಳು ಆಕಾಶದಿಂದ ಪುಟಿದು ಬರುತ್ತವೆ. ಮೀಡಿಯಂ ವೇವ್‌ನಲ್ಲಿ ಒಂದೊಂದು ಸ್ಟೇಷನ್‌ಗೂ 9 ಕಿಲೋಹರ್ಟ್ಸ್ ಅಂತರ, ಹಾಗಾಗಿ 603, 621ರ ಕಡೆಯಿಂದ ಗದ್ದಲ ಕೇಳಿದರೆ ಅದನ್ನು ಷರಾದಲ್ಲಿ ಬರೆಯಿರಿ. ಸಂಜೆ ಅಂಕ ಕಮ್ಮಿಯಾದ ತಕ್ಷಣ 'ಪವರ್ ಇಳಿಸಿದ್ದಾರೆ' ಎಂದು ಬರೆಯುವುದು ಆತುರ; ಮಧ್ಯಾಹ್ನವೂ ಕಮ್ಮಿ ಇದ್ದರೆ ಮಾತ್ರ ಅನುಮಾನಕ್ಕೆ ಆಧಾರ ಸಿಕ್ಕಂತೆ.

ಸೆಟ್ಟಿನೊಳಗೆ ಪೆನ್ಸಿಲ್ಲಿನಂಥ ಕಪ್ಪು ಫೆರೈಟ್ ಕಡ್ಡಿ ಇರುತ್ತದೆ, ಮೀಡಿಯಂ ವೇವ್ ಹಿಡಿಯುವುದು ಅದು. ಮೇಲೆ ಎಳೆಯುವ ಸ್ಟೀಲ್ ಏರಿಯಲ್ಲಿಗೂ ಇದಕ್ಕೂ ಸಂಬಂಧ ಇಲ್ಲ. ಕಡ್ಡಿಯ ಪಕ್ಕ ಸ್ಟೇಷನ್ ಕಡೆಗಿದ್ದರೆ ಸಿಗ್ನಲ್ ಜೋರು, ತುದಿ ಸ್ಟೇಷನ್ ಕಡೆಗಿದ್ದರೆ ಸತ್ತೇ ಹೋಗುತ್ತದೆ. ಆದ್ದರಿಂದ ಅಂಕ ಹಾಕುವ ಮುಂಚೆ ಸೆಟ್ಟನ್ನು ಅರ್ಧ ಸುತ್ತು ತಿರುಗಿಸಿ, ಜೋರಾದ ದಿಕ್ಕು ಹಿಡಿದು, ನೆಲದ ಮೇಲೆ ಸುಣ್ಣದಲ್ಲಿ ಗುರುತು ಮಾಡಿ. 28 ದಿನವೂ ಅದೇ ಜಾಗ, ಅದೇ ದಿಕ್ಕು, ಅದೇ ಸೆಟ್ಟು. ಸೆಲ್ಲಿನಲ್ಲೇ ಕೇಳಿ, ಅಡಾಪ್ಟರ್ ಚುಚ್ಚಿದರೆ ಅದೇ ಗೊರಗುಟ್ಟುತ್ತದೆ. ಸೆಲ್ಲು ಇಳಿದಾಗ ದನಿ ಒಡೆಯುತ್ತದೆ, ಹದಿನೈದು ದಿನಕ್ಕೊಮ್ಮೆ ಬದಲಿಸಿ.

ಗೊರಗೊರ ಎಲ್ಲಿಂದ ಎಂದು ಹುಡುಕುವುದು ಹೀಗೆ. ಮನೆಯ ಮೇನ್ ಆಫ್ ಮಾಡಿ. ಸದ್ದು ನಿಂತರೆ ಕಳ್ಳ ಮನೆಯೊಳಗಿದ್ದಾನೆ: ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸ್, ಯುಪಿಎಸ್. ಒಂದೊಂದೇ ಹಾಕುತ್ತ ಬಂದರೆ ಸಿಕ್ಕಿಬೀಳುತ್ತದೆ. ಮೇನ್ ಆಫ್ ಮಾಡಿದರೂ ನಿಲ್ಲದಿದ್ದರೆ ಸೆಟ್ಟು ಹಿಡಿದು ಬೀದಿಗಿಳಿಯಿರಿ. ಕಂಬದ ಹತ್ತಿರ ಹೋದಂತೆ ಚಟಚಟ ಜಾಸ್ತಿಯಾದರೆ, ಅದರಲ್ಲೂ ಇಬ್ಬನಿ ಬಿದ್ದ ಬೆಳಿಗ್ಗೆ ಜೋರಾಗಿ ಬಿಸಿಲೇರಿದಂತೆ ತಗ್ಗಿದರೆ, ಪಿಂಗಾಣಿ ಇನ್ಸುಲೇಟರ್ ಬಿರುಕು ಬಿಟ್ಟಿರುವ ಸಂಭವ ಹೆಚ್ಚು. ಕಂಬದ ನಂಬರ್ ಬರೆದುಕೊಂಡು 1912ಕ್ಕೆ ದೂರು ಕೊಡಿ, ಕೊಟ್ಟ ದೂರಿನ ಸಂಖ್ಯೆಯನ್ನು ಅದೇ ಸಾಲಿನಲ್ಲಿ ದಾಖಲಿಸಿ. ತೋಟದ ಮನೆಗಳಲ್ಲಿ ತ್ರೀ ಫೇಸ್ ಬಂದ ಹೊತ್ತಿಗೇ ಗದ್ದಲ ಶುರುವಾದರೆ ಬೋರ್‌ವೆಲ್ ಸ್ಟಾರ್ಟರ್ ಪ್ಯಾನೆಲ್ ನೋಡಿ. ಇದೆಲ್ಲ ನಿಮ್ಮ ಮನೆಯ ಕೊಳೆ. ಇದನ್ನು ತೊಳೆಯದೆ ಆಕಾಶವಾಣಿಗೆ ದೂರು ಬರೆದರೆ ಒಂದೇ ಭೇಟಿಯಲ್ಲಿ ನಿಮ್ಮ ಪುಸ್ತಕ ಬಿದ್ದುಹೋಗುತ್ತದೆ.

ಇನ್ನೊಂದು ವ್ಯತ್ಯಾಸ ಗಮನಿಸಬೇಕು, ಬಹಳ ಜನ ಗಮನಿಸುವುದಿಲ್ಲ. ಪ್ರಸಾರ ನಿಂತಾಗ ಸೆಟ್ಟಿನಲ್ಲಿ 'ಶ್ಶ್' ಎಂಬ ಸದ್ದು ಪೂರ್ತಿ ಎದ್ದು ಬಂದರೆ ಟ್ರಾನ್ಸ್‌ಮಿಟರೇ ಆಫ್ ಆಗಿದೆ ಎಂದರ್ಥ. ಹಾಗಲ್ಲದೆ ಆ ಸದ್ದು ಅಡಗಿಯೇ ಇದ್ದು ಮಾತು ಮಾತ್ರ ಇಲ್ಲವಾದರೆ ಟ್ರಾನ್ಸ್‌ಮಿಟರ್ ಓಡುತ್ತಿದೆ (ದನಿ ಹೊರುವ ಆ ಬರಿಯ ಅಲೆಗೆ ಕ್ಯಾರಿಯರ್ ಎನ್ನುತ್ತಾರೆ), ಸ್ಟುಡಿಯೊದಿಂದ ಅಲ್ಲಿಗೆ ಹೋಗುವ ದಾರಿ ಕಡಿದಿದೆ. ಮೊದಲನೆಯದು ಕರೆಂಟು, ಬಿಡಿಭಾಗ, ಪವರ್‌ನ ಪ್ರಶ್ನೆ. ಎರಡನೆಯದು ಸ್ಟುಡಿಯೊ ಲಿಂಕಿನ, ಡ್ಯೂಟಿಯಲ್ಲಿರುವ ಜನರ ಪ್ರಶ್ನೆ. 'ಬೆಳಿಗ್ಗೆ 6.42ರಿಂದ 6.51, ಕ್ಯಾರಿಯರ್ ಇತ್ತು, ಧ್ವನಿ ಇಲ್ಲ' ಎಂದು ಬರೆದ ಒಂದು ಸಾಲು 'ಇತ್ತೀಚೆಗೆ ರೇಡಿಯೊ ಸರಿಯಾಗಿ ಬರುವುದಿಲ್ಲ' ಎಂಬ ನೂರು ಸಹಿಗೆ ಸಮ.

ಪಾವಗಡದಂಥ ದೂರದ ಊರಲ್ಲಿ ದಿನನಿತ್ಯ ಕೇಳಲು ಕಷ್ಟವಾದರೆ ಲೂಪ್ ಆಂಟೆನಾ ಮಾಡಿಕೊಳ್ಳಿ, ಖರ್ಚು ಅಂಥದ್ದೇನಲ್ಲ. 60 ಸೆಂ.ಮೀ. ಚೌಕದ ಮರದ ಚೌಕಟ್ಟು, ಅದರ ಅಂಚಿಗೆ ಅರ್ಧ ಸೆಂ.ಮೀ. ಅಂತರದಲ್ಲಿ 14 ಸುತ್ತು ಇನ್ಸುಲೇಟೆಡ್ ತಂತಿ, ಒಟ್ಟು ಸುಮಾರು 35 ಮೀಟರ್. ತಂತಿಯ ಎರಡೂ ತುದಿಗಳ ನಡುವೆ ಒಂದು ಗ್ಯಾಂಗ್ ಕಂಡೆನ್ಸರ್, ಅಂದರೆ ತಿರುಗಿಸಿ ಟ್ಯೂನ್ ಮಾಡುವ ಬಿಡಿಭಾಗ. 612 ಹಿಡಿಯಲು ಸುಮಾರು 250 ಪಿಕೋಫ್ಯಾರಡ್ ಬೇಕು, ಆದ್ದರಿಂದ 365ರದ್ದು ಸಿಕ್ಕರೆ ಧಾರಾಳ. ಪುಟ್ಟ ಪಾಕೆಟ್ ರೇಡಿಯೊದ ಗ್ಯಾಂಗ್ ಆದರೆ ಎರಡೂ ಭಾಗ ಜೋಡಿಸಿದರೂ ಕೆಲವೊಮ್ಮೆ ಸಾಲದೆ ಬರುತ್ತದೆ, ಆಗ ಇನ್ನೆರಡು ಸುತ್ತು ಸೇರಿಸಿ. ರೇಡಿಯೊಗೆ ಯಾವ ತಂತಿಯೂ ಬೇಡ. ಸೆಟ್ಟನ್ನು 612ಕ್ಕೆ ಇಟ್ಟು ಚೌಕಟ್ಟಿನ ಪಕ್ಕದಲ್ಲಿಡಿ, ಕಂಡೆನ್ಸರ್‌ನ ನಾಬ್ ತಿರುಗಿಸುತ್ತ ಬಂದರೆ ಒಂದು ಬಿಂದುವಿನಲ್ಲಿ ದನಿ ಧುತ್ತನೆ ಎದ್ದು ಬರುತ್ತದೆ. ಕೇಳುವುದಕ್ಕೆ ಇದು ಹಬ್ಬ. ಆದರೆ ಅಂಕ ಹಾಕುವಾಗ ಇದನ್ನು ಪಕ್ಕಕ್ಕಿಡಿ. ಬರಿಯ ಸೆಟ್ಟಿನಲ್ಲಿ ಸಾಮಾನ್ಯ ಕೇಳುಗನಿಗೆ ಎಷ್ಟು ಕೇಳುತ್ತದೆ ಎಂಬುದೇ ನಮಗೆ ಬೇಕಾದ ಪುರಾವೆ.

ಎಷ್ಟು ಜನ ಬೇಕು? ತುಮಕೂರಿನ 10 ತಾಲ್ಲೂಕು, ಕೋಲಾರದ 6, ಚಿಕ್ಕಬಳ್ಳಾಪುರದ ಹಳೆಯ ಲೆಕ್ಕದ 6, ಒಟ್ಟು 22. ತಾಲ್ಲೂಕಿಗೆ ಇಬ್ಬರಂತೆ 44 ಜನ, ದಿನಕ್ಕೆ ಮೂರು ಸಲ, 28 ದಿನ ಬರೆದರೆ 3,696 ಸಾಲು. ಅರ್ಧ ಜನ ನಡುವೆ ಕೈಬಿಟ್ಟರೂ, ಬಿಡುತ್ತಾರೆ ಕೂಡ, ಸಾವಿರದೆಂಟುನೂರು ಸಾಲು ಉಳಿಯುತ್ತವೆ. ಜೊತೆಗೆ ಒಂದಷ್ಟು ವರದಿಗಳನ್ನು ದೆಹಲಿಯ ಆಕಾಶವಾಣಿ ಭವನದ ಸ್ಪೆಕ್ಟ್ರಂ ಮ್ಯಾನೇಜ್‌ಮೆಂಟ್ ವಿಭಾಗಕ್ಕೆ ಕಳಿಸಿ. ಪ್ರಸಾರ ಕೇಳಿದ್ದನ್ನು ದೃಢೀಕರಿಸುವ ಕ್ಯೂಎಸ್‌ಎಲ್ ಕಾರ್ಡು ಕೊಡುವವರು ಅವರು. ಕಮ್ಮಿಯೆಂದರೆ 15-20 ನಿಮಿಷದ ಕಾರ್ಯಕ್ರಮದ ವಿವರ ಇರಬೇಕು, ಆಗಲೇ ತಾಳೆ ನೋಡಲು ಆಗುವುದು. ನಿಮ್ಮ ಊರಲ್ಲಿ ಕೇಳುಗರಿದ್ದಾರೆ ಎಂಬುದಕ್ಕೆ ಅವರದೇ ಕಾರ್ಡು ಸಾಕ್ಷಿ.

ಇನ್ನು ಎದುರಿನವರ ಲೆಕ್ಕ. ಅದನ್ನು ನಾವೇ ಮೊದಲು ಹಾಕಿಕೊಂಡು ಹೋಗದಿದ್ದರೆ ಸಭೆಯಲ್ಲಿ ಬಾಯಿ ಕಟ್ಟುತ್ತದೆ. 200 ಕಿಲೋವ್ಯಾಟ್ ಹೊರಬಿಡಲು ಒಳ್ಳೆಯ ಸಾಲಿಡ್ ಸ್ಟೇಟ್ ಟ್ರಾನ್ಸ್‌ಮಿಟರಾದರೂ 250 ಕಿಲೋವ್ಯಾಟ್ ಆಸುಪಾಸು ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 17 ಗಂಟೆ ಓಡಿದರೆ 4,250 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ದಿನಕ್ಕೆ 34,000, ವರ್ಷಕ್ಕೆ 1 ಕೋಟಿ 24 ಲಕ್ಷ. ಬರೀ ಕರೆಂಟಿಗೆ. 10 ಕಿಲೋವ್ಯಾಟ್‌ನ ಎಫ್‌ಎಂಗೆ ಇದರ ಹತ್ತನೇ ಒಂದು ಭಾಗವೂ ಬೇಡ. ಅಧಿಕಾರಿಗಳು ದುಷ್ಟರಲ್ಲ, ಈ ಬಿಲ್ಲು ಪ್ರತಿ ತಿಂಗಳು ಅವರ ಮೇಜಿಗೆ ಬರುತ್ತದೆ, ಅಷ್ಟೆ.

ಆದ್ದರಿಂದ 'ಮುಚ್ಚಬೇಡಿ' ಎಂದಷ್ಟೇ ಬರೆದು ಸುಮ್ಮನಾಗಬಾರದು, ಪರ್ಯಾಯ ಕೊಡಬೇಕು. ಶಕ್ತಿಯನ್ನು 200ರಿಂದ 100 ಕಿಲೋವ್ಯಾಟ್‌ಗೆ ಇಳಿಸಿದರೆ ಕೇಳುವ ಸಿಗ್ನಲ್ ಅರ್ಧಕ್ಕೆ ಇಳಿಯುವುದಿಲ್ಲ. ಇಳಿಯುವುದು 3 ಡೆಸಿಬೆಲ್ ಮಾತ್ರ, ಕ್ಷೇತ್ರಬಲದಲ್ಲಿ ಶೇ 30ರಷ್ಟು. ಕಿವಿಗೆ ಅದು ಅಲ್ಪ ವ್ಯತ್ಯಾಸ, ಬಿಲ್ಲಿನಲ್ಲಿ ದೊಡ್ಡದು. ಹಗಲು 11ರಿಂದ 4ರವರೆಗೆ ಅರ್ಧ ಶಕ್ತಿ, ಬೆಳಿಗ್ಗೆ ಸಂಜೆ ಪೂರ್ತಿ ಶಕ್ತಿ ಎಂದು ಕೇಳಬಹುದು. ಮಾತಿಲ್ಲದ ಹೊತ್ತು ಕ್ಯಾರಿಯರ್ ತಾನೇ ತಗ್ಗುವ ವ್ಯವಸ್ಥೆ ಇಂದಿನ ಟ್ರಾನ್ಸ್‌ಮಿಟರ್‌ಗಳಲ್ಲಿ ಇರುತ್ತದೆ, ಅದನ್ನು ಬಳಸುತ್ತಿದ್ದೀರಾ ಎಂದೂ ಕೇಳಬಹುದು. ಡಿಜಿಟಲ್ ಪ್ರಸಾರದ ಡಿಆರ್‌ಎಂ ಪದ್ಧತಿ ಇದೆ ಎನ್ನುತ್ತಾರೆ. ಅದು ಕಮ್ಮಿ ಕರೆಂಟಿನಲ್ಲಿ ಓಡುತ್ತದೆ, ದನಿಯೂ ಚೆನ್ನ, ಆದರೆ ನಮ್ಮ ಮನೆಯ ಮಾಮೂಲಿ ಸೆಟ್ಟಿಗೆ ಅದು ಬರೀ ಭರ್ರೆನ್ನುವ ಸದ್ದು. ಡಿಆರ್‌ಎಂ ಸೆಟ್ಟು ತಾಲ್ಲೂಕು ಪೇಟೆಯ ಅಂಗಡಿಯಲ್ಲಿ ಸಿಗುವ ತನಕ ಅನಲಾಗ್ ಜೊತೆಯಲ್ಲೇ ಇರಲಿ ಎಂಬುದು ನ್ಯಾಯವಾದ ಬೇಡಿಕೆ. ಮೊಬೈಲ್ ಆ್ಯಪ್ ಮಾತೂ ಬರುತ್ತದೆ. ಡೇಟಾ ಮುಗಿದ ಮೇಲೆ ಅದು ಮೂಕ, ಮೊಬೈಲ್‌ನಲ್ಲಿ ಮೀಡಿಯಂ ವೇವ್ ಅಂತೂ ಇಲ್ಲ. ಎಫ್‌ಎಂ ಸೌಲಭ್ಯವನ್ನು ತೆಗೆಯಬೇಡಿ ಎಂದು ಮೊಬೈಲ್ ತಯಾರಕರಿಗೆ ಕೇಂದ್ರ ಸರ್ಕಾರವೇ 2023ರಲ್ಲಿ ಸಲಹೆ ಕೊಡಬೇಕಾಗಿ ಬಂತು.

ಮಾಹಿತಿ ಹಕ್ಕಿನ ಅರ್ಜಿ ಹಾಕುವಾಗ 'ಯಾಕೆ' ಎಂದು ಕೇಳಬೇಡಿ. ಯಾಕೆ ಎಂಬುದಕ್ಕೆ ಉತ್ತರ ಕೊಡುವ ಬಾಧ್ಯತೆ ಕಾಯ್ದೆಯಲ್ಲಿಲ್ಲ, ಇರುವ ದಾಖಲೆ ಕೊಡುವ ಬಾಧ್ಯತೆ ಇದೆ. ಕೇಳಬೇಕಾದ್ದು: ಕಳೆದ 24 ತಿಂಗಳ ಟ್ರಾನ್ಸ್‌ಮಿಟರ್ ಲಾಗ್‌ನ ಪ್ರತಿ, ಅದರಲ್ಲಿ ದಿನವಹಿ ಹೊರಬಿಟ್ಟ ಶಕ್ತಿ ಮತ್ತು ಸ್ಥಗಿತದ ನಿಮಿಷಗಳು, ತಿಂಗಳುವಾರು ವಿದ್ಯುತ್ ಬಿಲ್ಲು, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಕೊನೆಯ ಶ್ರೋತೃ ಸಮೀಕ್ಷೆಯ ವರದಿ, ಅದು ನಡೆದ ತಾಲ್ಲೂಕುಗಳ ಪಟ್ಟಿ, ಪ್ರಸಾರ ಅವಧಿ ಬದಲಾವಣೆ ಕುರಿತ ಕಡತದ ಟಿಪ್ಪಣಿ. ಸಮೀಕ್ಷೆಯ ವರದಿ ಮತ್ತು ತಾಲ್ಲೂಕು ಪಟ್ಟಿಯನ್ನು ಬಿಡಲೇಬೇಡಿ. ಸಮೀಕ್ಷೆ ಬೆಂಗಳೂರು ನಗರದಲ್ಲೇ ಮುಗಿದಿದ್ದರೆ 'ಕೇಳುಗರಿಲ್ಲ' ಎಂಬ ವಾದ ನಮ್ಮ ಜಿಲ್ಲೆಗಳಿಗೆ ಅನ್ವಯವೇ ಆಗದು. ಶುಲ್ಕ 10 ರೂಪಾಯಿ, ಆನ್‌ಲೈನ್‌ನಲ್ಲೇ ಕಟ್ಟಬಹುದು ಅಥವಾ ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್. ಬಿಪಿಎಲ್ ಕಾರ್ಡಿದ್ದವರಿಗೆ ಶುಲ್ಕವಿಲ್ಲ. ಅರ್ಜಿ 500 ಪದ ಮೀರದಿರಲಿ. ಪ್ರತಿಗೆ ಪುಟಕ್ಕೆ 2 ರೂಪಾಯಿ. ಲಾಗ್ ಪುಸ್ತಕ ದಪ್ಪವಾಗಿದ್ದರೆ ಪ್ರತಿ ಕೇಳುವ ಬದಲು ಪರಿಶೀಲನೆಗೆ ಅವಕಾಶ ಕೇಳಿ, ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಇಲ್ಲವೇ 'ಮಾಹಿತಿ ಲಭ್ಯವಿಲ್ಲ' ಎಂದು ಬಂದರೆ, 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. ಹೆಚ್ಚಿನವರು ಮೊದಲ ಉತ್ತರಕ್ಕೇ ಕೈಚೆಲ್ಲುತ್ತಾರೆ.

ಮನವಿ ಕೊಡಲು ಜನ ಮೊದಲು ಓಡುವುದು ಡಿಸಿ ಆಫೀಸಿಗೆ. ಫೋಟೊ ಚೆನ್ನಾಗಿ ಬರುತ್ತದೆ, ಕೆಲಸ ಆಗುವುದಿಲ್ಲ. ಪ್ರಸಾರ ಭಾರತಿ 1990ರ ಕಾಯ್ದೆಯಡಿ 1997ರಲ್ಲಿ ರೂಪುಗೊಂಡ ಕೇಂದ್ರದ ಸಂಸ್ಥೆ. ಜಿಲ್ಲಾಧಿಕಾರಿಗೂ ಶಾಸಕರಿಗೂ ಅದರ ಮೇಲೆ ಅಧಿಕಾರವಿಲ್ಲ. ಹಿಡಿಯಬೇಕಾದವರು ಸಂಸದರು. ಇಲ್ಲಿ ನಮ್ಮ ಭಾಗದ ಗೋಜಲು ನೋಡಿ. ಶಿಡ್ಲಘಟ್ಟ, ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಯವು, ಆದರೆ ಕೋಲಾರ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ಶಿರಾ, ಪಾವಗಡ ತುಮಕೂರು ಜಿಲ್ಲೆಯವು, ಕ್ಷೇತ್ರ ಚಿತ್ರದುರ್ಗ. ಕುಣಿಗಲ್ ಬೆಂಗಳೂರು ಗ್ರಾಮಾಂತರಕ್ಕೆ. ಅಂದರೆ ಮೂರು ಜಿಲ್ಲೆಗೆ ಐವರು ಸಂಸದರು. ತಾಪತ್ರಯದಂತೆ ಕಂಡರೂ ಇದು ಲಾಭವೇ, ಒಂದೇ ಪ್ರಶ್ನೆ ಐದು ಕಡೆಯಿಂದ ಹೋಗಬಹುದು. ಭಾಷಣ ಬೇಡ, ಲಿಖಿತ ಉತ್ತರದ ಪ್ರಶ್ನೆ ಕೇಳಿಸಿ. ಕನಿಷ್ಠ 15 ದಿನ ಮುಂಚೆ ನೋಟಿಸ್ ಹೋಗಬೇಕು. ಸಚಿವರ ಉತ್ತರ ಸದನದ ದಾಖಲೆಯಾಗುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ಪಡೆಯಲಾಗದು. ಪ್ರಶ್ನೆಯನ್ನು ನೀವೇ ಟೈಪ್ ಮಾಡಿ ಆಪ್ತ ಸಹಾಯಕರ ಕೈಗೆ ಕೊಡಿ, ಒಂದೇ ಪುಟ, ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು.

ಮನವಿಯ ಭಾಷೆ ಬಗ್ಗೆ ಒಂದು ಮಾತು. 1935ರಲ್ಲಿ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಆಕಾಶವಾಣಿ ಶುರು ಮಾಡಿದ್ದರಿಂದ ಹಿಡಿದು ಎರಡು ಪುಟ ಇತಿಹಾಸ ಬರೆಯುವ ಚಟ ನಮ್ಮಲ್ಲಿದೆ. ಓದುವ ಅಧಿಕಾರಿಗೆ ಅದು ಗೊತ್ತು. ಅದರ ಬದಲು ಪ್ರಸಾರ ಭಾರತಿ ಕಾಯ್ದೆಯ 12ನೇ ಕಲಂ ಎತ್ತಿ ಬರೆಯಿರಿ; ಕೃಷಿ, ಗ್ರಾಮೀಣಾಭಿವೃದ್ಧಿ, ಶಿಕ್ಷಣ, ಆರೋಗ್ಯ, ಆಯಾ ಪ್ರದೇಶದ ಭಾಷೆ ಮತ್ತು ಸಂಸ್ಕೃತಿಗೆ ಗಮನ ಕೊಡುವುದು ಅಲ್ಲಿ ಸಂಸ್ಥೆಯ ಕರ್ತವ್ಯವಾಗಿ ದಾಖಲಾಗಿದೆ. ಆಕಾಶದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿದ್ದನ್ನು ಒಂದು ಸಾಲಿನಲ್ಲಿ ಸೇರಿಸಿ.

'ಲಕ್ಷಾಂತರ ಕೇಳುಗರು' ಎನ್ನುವುದಕ್ಕಿಂತ ಯಾರು ಕೇಳುತ್ತಾರೆ ಎಂದು ಹೆಸರಿಡುವುದು ಮೇಲು. ಕೈಗೆ ಕೆಲಸವಿದ್ದು ಕಣ್ಣು ಬಿಡುವಿಲ್ಲದವರು ರೇಡಿಯೊ ಕೇಳುತ್ತಾರೆ: ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ರೀಲರ್‌ಗಳು, ಹುಳು ಮನೆಯಲ್ಲಿ ಸೊಪ್ಪು ಹಾಕುವವರು, ಹುಣಸೆಹಣ್ಣು ಕುಟ್ಟುವ ಹೆಂಗಸರು, ಟೊಮೆಟೊ ವಿಂಗಡಿಸುವವರು, ರಾತ್ರಿ ಪಾಳಿಯ ಕಾವಲುಗಾರರು, ದೃಷ್ಟಿ ಇಲ್ಲದವರು. ಹಾಲು ಉತ್ಪಾದಕರ ಸಂಘ, ರೀಲರ್‌ಗಳ ಸಂಘ, ಸ್ತ್ರೀಶಕ್ತಿ ಗುಂಪು, ಅಂಧರ ಸಂಘಗಳ ಲೆಟರ್‌ಹೆಡ್ಡಿನಲ್ಲಿ, ಸೀಲು ಹಾಕಿ, ತಾವು ಕೇಳುವ ಹೊತ್ತು ಮತ್ತು ಕಾರ್ಯಕ್ರಮ ಬರೆದ ಪತ್ರ ತೆಗೆದುಕೊಳ್ಳಿ. ಗ್ರಾಮಸಭೆಯ ನಡಾವಳಿಯಲ್ಲಿ ನಿರ್ಣಯ ಬಂದರೆ ಪಿಡಿಒ ಸಹಿಯಿರುವ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ನಿರ್ಣಯ ಆಯಿತೆಂಬ ಬಾಯಿಮಾತಿಗೆ ಬೆಲೆ ಇಲ್ಲ.

ಆನ್‌ಲೈನ್ ಸಹಿ ಸಂಗ್ರಹ ತಪ್ಪಲ್ಲ, ಆದರೆ ಅದನ್ನು ಓದಲೇಬೇಕಾದ ಕುರ್ಚಿ ಯಾವುದೂ ಇಲ್ಲಿಲ್ಲ. ಬ್ರಿಟನ್ನಿನಲ್ಲಿ 2010ರ ಮಾರ್ಚ್‌ನಲ್ಲಿ ಬಿಬಿಸಿ ತನ್ನ 6 ಮ್ಯೂಸಿಕ್ ನಿಲ್ದಾಣ ಮುಚ್ಚುವ ಪ್ರಸ್ತಾಪ ಇಟ್ಟಾಗ ಕೇಳುಗರು ಗೆದ್ದರು, ಜುಲೈಗೆ ಬಿಬಿಸಿಯ ಮೇಲ್ವಿಚಾರಣಾ ಮಂಡಳಿಯಾಗಿದ್ದ ಬಿಬಿಸಿ ಟ್ರಸ್ಟ್ ಆ ಪ್ರಸ್ತಾಪವನ್ನು ತಳ್ಳಿಹಾಕಿತು. ಅಲ್ಲಿ ಪ್ರಸ್ತಾಪಕ್ಕೂ ತೀರ್ಮಾನಕ್ಕೂ ನಡುವೆ ಸಾರ್ವಜನಿಕರ ಅಭಿಪ್ರಾಯ ಕೇಳುವ ಕಡ್ಡಾಯ ಅವಧಿ ಇತ್ತು, ಆ ತಿಂಗಳುಗಳಲ್ಲಿ ಕೇಳುಗರ ಸಂಖ್ಯೆ ಹತ್ತು ಲಕ್ಷ ದಾಟಿತು. ಅಮೆರಿಕದಲ್ಲಿ 2025ರ ಜುಲೈನಲ್ಲಿ ಸಂಸತ್ತೇ ಸಾರ್ವಜನಿಕ ಪ್ರಸಾರದ ಎರಡು ವರ್ಷದ 110 ಕೋಟಿ ಡಾಲರ್ ಅನುದಾನ ಹಿಂದಕ್ಕೆ ತೆಗೆದುಕೊಂಡಾಗ ಅಂಥ ನಡುವಿನ ಮೆಟ್ಟಿಲು ಇರಲಿಲ್ಲ. ನಮ್ಮಲ್ಲೂ ಇಲ್ಲ. ಹಾಗಾಗಿ ಬೇಡಿಕೆಗಳಲ್ಲಿ ಮೊದಲನೆಯದು ಇದೇ ಆಗಿರಲಿ: ಯಾವುದೇ ಪ್ರಸಾರ ನಿಲ್ಲಿಸುವ 90 ದಿನ ಮುಂಚೆ, ಅದೇ ಆವರ್ತನದಲ್ಲಿ, ಬೆಳಗಿನ ಪ್ರದೇಶ ಸಮಾಚಾರದ ಹಿಂದೆಯೋ ಮುಂದೆಯೋ ಪ್ರಕಟಣೆ ಹೊರಡಿಸಿ ಅಭಿಪ್ರಾಯ ಕೇಳಬೇಕು.

ಸಮುದಾಯ ರೇಡಿಯೊ ಇದೆಯಲ್ಲ ಎನ್ನುವವರೂ ಇದ್ದಾರೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಲೈಸೆನ್ಸ್ ಸಿಗದ ಕಾಲದಲ್ಲಿ ಕೇಬಲ್ ತಂತಿಯಲ್ಲೇ ಮನೆಮನೆಗೆ ದನಿ ಹರಿಸಿದ 'ನಮ್ಮ ಧ್ವನಿ' ದೇಶಕ್ಕೇ ದಾರಿ ತೋರಿಸಿದ ಪ್ರಯೋಗ, ತುಮಕೂರಿನಲ್ಲಿ ರೇಡಿಯೊ ಸಿದ್ಧಾರ್ಥ ಇದೆ. ಆದರೆ ನಿಯಮದ ಪ್ರಕಾರ ಅವಕ್ಕೆ 100 ವ್ಯಾಟ್ ಶಕ್ತಿ, 30 ಮೀಟರ್ ಆಂಟೆನಾ, ಸುತ್ತ ಹತ್ತು-ಹದಿನೈದು ಕಿಲೋಮೀಟರ್. ಸ್ವಂತ ಸುದ್ದಿ ಬಿತ್ತರಿಸುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು. ಆಕಾಶವಾಣಿ ಹೋದರೆ ಅದೂ ಹೋಯಿತು. ಜಾಹೀರಾತು ದರ 2024ರಲ್ಲಿ 10 ಸೆಕೆಂಡಿಗೆ 52ರಿಂದ 74 ರೂಪಾಯಿಗೆ ಏರಿದೆ, ಗಂಟೆಗೆ 7 ನಿಮಿಷವಿದ್ದದ್ದು 12 ಆಗಿದೆ. ಇಷ್ಟಾದರೂ ಹಳ್ಳಿಯಲ್ಲಿ ಜಾಹೀರಾತು ಕೊಡುವವರು ಯಾರು? ಸಮುದಾಯ ರೇಡಿಯೊದವರನ್ನು ಜೊತೆಗೆ ಕರೆದುಕೊಳ್ಳಿ, ಆಕಾಶವಾಣಿಯ ಬದಲಿಗೆ ನಿಲ್ಲಿಸಬೇಡಿ.

ಕ್ಯಾಲೆಂಡರ್ ಹೀಗಿಟ್ಟುಕೊಂಡರೆ ಅನುಕೂಲ. ಏಪ್ರಿಲ್-ಮೇ, ಸೆಪ್ಟೆಂಬರ್-ಅಕ್ಟೋಬರ್ ಗುಡುಗಿನ ಕಾಲ, ಮೀಡಿಯಂ ವೇವ್‌ನಲ್ಲಿ ಸಿಡಿಲಿನ ಸದ್ದು ತುಂಬಿರುತ್ತದೆ, ಆಗ ಅಂಕ ಹಾಕಿದರೆ ಹವಾಮಾನವನ್ನು ಅಳೆದಂತಾಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಅಕ್ಟೋಬರ್ ಮೊದಲ ವಾರ ಹಾಕಿ, ಉತ್ತರ ನವೆಂಬರ್‌ಗೆ ಬರಲಿ. ದಾಖಲೆ ಡಿಸೆಂಬರ್ 1ರಿಂದ 28. ಕೊನೆಯ ಮೂರು ದಿನ ತಾಲ್ಲೂಕುವಾರು ಸರಾಸರಿ ತೆಗೆದು ಒಂದು ಪುಟದ ಕೋಷ್ಟಕ ಮಾಡಿ. ಜನವರಿ ಮೊದಲ ವಾರ ಸಂಘಗಳ ಪತ್ರ, ಹತ್ತನೇ ತಾರೀಖಿನೊಳಗೆ ಐದೂ ಸಂಸದರ ಕಚೇರಿಗೆ ಪ್ರಶ್ನೆಯ ಕರಡು. ಜನವರಿ ಕೊನೆಗೆ ಬಜೆಟ್ ಅಧಿವೇಶನ ಶುರುವಾಗುತ್ತದೆ, ಮಾರ್ಚ್ ಹೊತ್ತಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುದಾನ ಬೇಡಿಕೆ ಸಂಸದೀಯ ಸ್ಥಾಯಿ ಸಮಿತಿ ಮುಂದೆ ಇರುತ್ತದೆ. ಕೋಷ್ಟಕದ ಇನ್ನೊಂದು ಪ್ರತಿ ಆ ಸಮಿತಿಯ ಅಧ್ಯಕ್ಷರಿಗೆ ಸ್ಪೀಡ್ ಪೋಸ್ಟ್‌ನಲ್ಲಿ. ರಶೀದಿಗಳನ್ನು ನೋಟ್‌ಬುಕ್ಕಿನ ಕೊನೆಯ ರಟ್ಟಿಗೆ ಪಿನ್ ಮಾಡಿ, ರಶೀದಿಗಳ ಶಾಯಿ ಆರು ತಿಂಗಳಲ್ಲಿ ಮಾಸಿಹೋಗುತ್ತದೆ, ಜೆರಾಕ್ಸ್ ತೆಗೆಸಿ.